ಹೊಗೆಕೊಳವೆಯೊಳಗೊಂದು ಒಲೆ

ಮಸಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಒಲೆಯ ಮೇಲಿಟ್ಟ ಪಾತ್ರೆಯ ತಳಕ್ಕೆ ಹಿಡಿಯುವ ಕಪ್ಪೂ ಮಸಿಯೇ. ಲೇಖನಿಯನ್ನು ಅದ್ದಿ ಬರೆಯುವ ಶಾಯಿಯೂ ಮಸಿಯೇ. ದೀಪದ ಕಪ್ಪನ್ನು ಹಿಡಿದು ಅಂಟಿನ ನೀರಿನಲ್ಲಿ ಅರೆದು ಶಾಯಿ ಮಾಡುತ್ತಿದ್ದ ಕಾಲದ ನೆನಪು ಈ ಒಂದು ಮಾತಿನಲ್ಲಿ ಉಳಿದುಕೊಂಡಿದೆ. ಅದೇ ಕಪ್ಪನ್ನು ತುಪ್ಪದಲ್ಲಿ ಕಲಸಿದರೆ ಮಗುವಿನ ಕಣ್ಣಿಗೆ ಕಾಡಿಗೆ. ಹೀಗೆ ಮಸಿಗೂ ಒಂದು ಉಪಯೋಗ ಕಂಡುಕೊಂಡ ನಾಡಿನಲ್ಲಿ, ಡೀಸೆಲ್ ಎಂಜಿನ್ನಿನ ಮಸಿ ಮಾತ್ರ ಬಹಳ ಕಾಲ ಯಾರ ಲೆಕ್ಕಕ್ಕೂ ಸೇರದೆ ನೇರವಾಗಿ ಗಾಳಿಗೆ ಹೋಯಿತು. 2016ರ ಸುಮಾರಿಗೆ ಬೆಂಗಳೂರಿನ ಗ್ರಾವಿಕಿ ಲ್ಯಾಬ್ಸ್ ಎಂಬ ಸಂಸ್ಥೆ ವಾಹನ ಮತ್ತು ಜನರೇಟರುಗಳ ಹೊಗೆಯಿಂದ ಮಸಿ ಹಿಡಿದು 'ಏರ್ ಇಂಕ್' ಎಂಬ ಶಾಯಿ ತಯಾರಿಸಿದಾಗ ಹಳೆಯ ನಂಟು ಮತ್ತೆ ನೆನಪಾಯಿತು. ಆದರೆ ದೇಶದ ರಸ್ತೆಗಳ ಮೇಲಿನ ಅಷ್ಟೂ ಮಸಿಯನ್ನು ಶಾಯಿ ಮಾಡಿ ಮುಗಿಸಲಾಗದು. ಅದಕ್ಕೆ ಬೇರೆ ದಾರಿಯೇ ಬೇಕು.

ಆ ದಾರಿ ಯಾವುದೆಂಬುದು ಜೋಳದ ರೊಟ್ಟಿಯ ಸೀಮೆಯಾದ ಕಲಬುರಗಿಯ ಅಡುಗೆಮನೆಗಳಿಗೆ ಹೊಸ ವಿಷಯವಲ್ಲ. ಕಟ್ಟಿಗೆ ಒಲೆಯ ಮೇಲೆ ಹಂಚು ಚೆನ್ನಾಗಿ ಕಾದಾಗ ಅದರ ತಳದ ಮಸಿಗೆ ಕಿಡಿ ಹತ್ತುತ್ತದೆ. ಕೆಂಪು ಚುಕ್ಕೆಗಳು ಅತ್ತಿತ್ತ ಹರಿದಾಡಿ ನಂದುತ್ತವೆ. ಹಂಚು ನಕ್ಕಿತು, ಇನ್ನು ನೆಂಟರು ಬರುತ್ತಾರೆ ಎಂದು ದಖ್ಖನಿನ ಕೆಲವು ಮನೆಗಳಲ್ಲಿ ಹೇಳುವುದುಂಟು. ನೆಂಟರು ಬರಲಿ ಬಿಡಲಿ, ಕಿಡಿ ಹರಿದ ಜಾಗದಲ್ಲಿ ಮಸಿ ಉಳಿದಿರುವುದಿಲ್ಲ. ಮಸಿ ಎಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲ. ಸಾಕಷ್ಟು ಕಾವು, ಸಾಕಷ್ಟು ಗಾಳಿ ಸಿಕ್ಕರೆ ಅದು ಉರಿದು ಅನಿಲವಾಗಿ ಹೋಗುತ್ತದೆ.

2020ರ ಏಪ್ರಿಲ್ 1ರಿಂದ ಈಚೆಗೆ ಭಾರತದಲ್ಲಿ ಮಾರಾಟವಾದ ಬಹುತೇಕ ಎಲ್ಲ ಡೀಸೆಲ್ ಕಾರು, ಬಸ್ಸು, ಲಾರಿಗಳ ಹೊಗೆಕೊಳವೆಯೊಳಗೆ ನಡೆಯುವುದೂ ಇದೇ. ಅಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿದೆ. ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಎಂಬುದು ಅದರ ಪೂರ್ಣ ಹೆಸರು. ಗ್ಯಾರೇಜಿನ ಮಾತಿನಲ್ಲಿ ಡಿಪಿಎಫ್. ತುಂಬಿದ ಮಸಿಯನ್ನು ಅಲ್ಲಿಯೇ ಸುಟ್ಟು ಶೋಧಕವನ್ನು ಮತ್ತೆ ಬರಿದು ಮಾಡುವ ಕೆಲಸಕ್ಕೆ ರೀಜನರೇಷನ್, ಅಂದರೆ ಪುನಶ್ಚೇತನ ಎಂದು ಹೆಸರು. ವಾಹನದ ಈ ಭಾಗ ಹೊಸದು. ಆದರೆ ಅದು ಇಲ್ಲಿಗೆ ಬಂದು ಸೇರಿದ ದಾರಿ ದೀರ್ಘವಾದುದು.

ಹೊಗೆ ಬಂದ ಬಗೆ

ಕಲಬುರಗಿಗೆ ಎಂಜಿನ್ನಿನ ಹೊಗೆಯ ಪರಿಚಯ ಮಾಡಿಕೊಟ್ಟದ್ದು ರೈಲು. ಮುಂಬೈ ಕಡೆಯಿಂದ ಸೊಲ್ಲಾಪುರದ ಮೂಲಕ ಬಂದ ಹಳಿ ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡದ್ದು 1871ರಲ್ಲಿ. ಆದರೆ ಕಲಬುರಗಿಯಿಂದ ಈಶಾನ್ಯಕ್ಕೆ, ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ ಕಮಲಾಪುರ ರೈಲಿನ ಮುಖ ನೋಡಲು 2017ರ ಅಕ್ಟೋಬರ್‌ವರೆಗೆ, ಬೀದರ್-ಕಲಬುರಗಿ ಮಾರ್ಗ ಉದ್ಘಾಟನೆಯಾಗುವವರೆಗೆ ಕಾಯಬೇಕಾಯಿತು. ನಡುವಿನ ಒಂದೂವರೆ ಶತಮಾನ ಆ ಊರಿನ ಬದುಕು ರಸ್ತೆಯನ್ನೇ ನಂಬಿತ್ತು. ಅಲ್ಲಿನ ಹೆಸರುವಾಸಿ ಕೆಂಪು ಬಾಳೆಹಣ್ಣು ಪೇಟೆ ಸೇರಿದ್ದು ಮೊದಲು ಎತ್ತಿನ ಗಾಡಿಯಲ್ಲಿ, ಅನಂತರ ಲಾರಿ, ಟೆಂಪೊಗಳಲ್ಲಿ.

ಈ ಭಾಗ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಜಾಮ್ ಸ್ಟೇಟ್ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗವನ್ನು ಆರಂಭಿಸಿದ್ದು 1932ರಲ್ಲಿ, 27 ಬಸ್ಸು ಮತ್ತು 166 ನೌಕರರೊಂದಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಾಡಿನ ಹಲವೆಡೆ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಗ್ಯಾಸ್ ಕುಲುಮೆ ಕಟ್ಟಿದರು. ಇದ್ದಿಲಿನಿಂದ ಹುಟ್ಟಿದ ಅನಿಲವನ್ನು ಎಂಜಿನ್ನಿಗೆ ಬಿಡುವ ಮೊದಲು ಸೋಸಬೇಕಿತ್ತು. ಸೋಸುವ ಡಬ್ಬಿಯಲ್ಲಿ ಕೂತ ಬೂದಿ, ದೂಳನ್ನು ಆಗಾಗ ತೆಗೆಯದಿದ್ದರೆ ಬಸ್ಸು ಅಲುಗುತ್ತಿರಲಿಲ್ಲ. ಶೋಧಕ ಕಟ್ಟಿಕೊಂಡು ದಾರಿಯಲ್ಲಿ ನಿಲ್ಲುವ ವಾಹನ ಕನ್ನಡ ನಾಡಿಗೆ ಹೊಸತೇನಲ್ಲ ಎಂಬುದಕ್ಕೆ ಈ ಇದ್ದಿಲು ಬಸ್ಸುಗಳೇ ಸಾಕ್ಷಿ. ವ್ಯತ್ಯಾಸವಿಷ್ಟೆ: ಅಂದಿನ ಶೋಧಕ ಎಂಜಿನ್ನನ್ನು ಕಾಪಾಡಲು ಇತ್ತು, ಇಂದಿನದು ಎಂಜಿನ್ನಿನಿಂದ ಮನುಷ್ಯರನ್ನು ಕಾಪಾಡಲು ಇದೆ.

ಡೀಸೆಲ್ ಎಂಜಿನ್ನಿನ ಕತೆ ಶುರುವಾಗುವುದು ಜರ್ಮನಿಯಲ್ಲಿ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಎಂಬುದು ಇದರ ಹಿರಿಮೆ. ಇದರ ದೋಷ ಹುಟ್ಟುವುದೂ ಅಲ್ಲಿಯೇ. ಚಿಮ್ಮಿದ ಎಣ್ಣೆಯ ಪ್ರತಿ ಹನಿಗೂ ಸುತ್ತ ಬೇಕಾದಷ್ಟು ಗಾಳಿ ಸಿಗುವುದಿಲ್ಲ. ಗಾಳಿ ಸಾಲದ ಕಡೆ ಎಣ್ಣೆ ಅರೆಬೆಂದು ಮಸಿಯಾಗುತ್ತದೆ. ಏರಿನಲ್ಲಿ, ಹೇರು ಹೆಚ್ಚಾದಾಗ ಚಾಲಕ ಆಕ್ಸಿಲರೇಟರ್ ಒತ್ತಿದಂತೆ ಮಸಿಯೂ ಹೆಚ್ಚುತ್ತದೆ.

ಟಾಟಾ ಮತ್ತು ಜರ್ಮನಿಯ ಡೈಮ್ಲರ್ ಬೆಂಜ್ ಕಂಪೆನಿಗಳ ಒಪ್ಪಂದದಿಂದ 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಲಾರಿಗಳ ತಯಾರಿಕೆ ಆರಂಭವಾದ ಮೇಲೆ ಡೀಸೆಲ್ ದೇಶದ ಹೇರು ಹೊರುವ ಇಂಧನವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದಾಗ ಬಸ್ಸುಗಳೂ ಕೈ ಬದಲಾಯಿಸಿದವು. 2000ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗಿಸಿಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂಬ ಹೆಸರು ಪಡೆಯಿತು. ಈ ಎಲ್ಲ ದಶಕಗಳಲ್ಲಿ ಬಸ್ಸಿನ ಹಿಂದೆ ಏಳುವ ಕಪ್ಪು ಹೊಗೆಯನ್ನು ಜನ ಶಪಿಸಿದರು, ಮೂಗಿಗೆ ಸೆರಗು, ಕರ್ಚೀಫು ಹಿಡಿದರು. ಅದು ಎಂಜಿನ್ನಿನ ಸಹಜ ಉಸಿರೆಂದು ಒಪ್ಪಿಕೊಂಡೂ ಬಿಟ್ಟರು.

ಕಣ್ಣಿಗೆ ಕಾಣದ ಪಾಲು

ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಪಾಲು ಹೆಚ್ಚು ಅಪಾಯದ್ದು. ಡೀಸೆಲ್ ಮಸಿಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇವುಗಳ ಸೂಕ್ಷ್ಮತೆ ತಿಳಿಯುತ್ತದೆ. ರಸ್ತೆಯ ದೊಡ್ಡ ದೂಳನ್ನು ಮೂಗು, ಗಂಟಲು ತಡೆದುಕೊಳ್ಳುತ್ತವೆ. ಈ ಕಣಗಳು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆಯನ್ನು ಬಹುಶಃ ಕ್ಯಾನ್ಸರ್ ತರಬಲ್ಲದ್ದೆಂದು ಗುರುತಿಸಿತ್ತು. 2012ರ ಜೂನ್‌ನಲ್ಲಿ ಆ 'ಬಹುಶಃ' ಎಂಬ ಮಾತು ಹೋಯಿತು. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದೇ ಅದು ಸಾರಿತು.

ಇದು ದೆಹಲಿ, ಬೆಂಗಳೂರುಗಳ ಚಿಂತೆ ಮಾತ್ರವೆಂದು ಭಾವಿಸಬೇಕಾಗಿಲ್ಲ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟ ನಿಗದಿತ ಮಟ್ಟ ಮುಟ್ಟದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿದ್ದವು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಕಲಬುರಗಿಯ ಗಾಳಿಯಲ್ಲಿರುವುದೆಲ್ಲ ಡೀಸೆಲ್ ಮಸಿಯಲ್ಲ. ಬಿಸಿಲನಾಡಿನ ಒಣ ಮಣ್ಣು, ಕೆದರಿದ ರಸ್ತೆ, ಕಟ್ಟಡ ಕೆಲಸ ಎಲ್ಲವೂ ಅದರಲ್ಲಿವೆ. ಆದರೆ ತೊಗರಿ ಬೇಳೆಯ ಮಿಲ್ಲುಗಳು, ಸಿಮೆಂಟು, ಶಹಾಬಾದ್ ಕಲ್ಲು ಎಂದು ಇಡೀ ವ್ಯಾಪಾರವೇ ಲಾರಿಯ ಮೇಲೆ ನಿಂತಿರುವ ಜಿಲ್ಲೆಯಲ್ಲಿ ಡೀಸೆಲ್ಲಿನ ಪಾಲನ್ನು ಕಡೆಗಣಿಸುವಂತೆಯೂ ಇಲ್ಲ.

ಜೇನುಗೂಡಿನಂಥ ಜಾಲರಿ

ಮಸಿಯನ್ನು ಹಿಡಿಯುವ ಉಪಾಯ ಹೊಳೆದದ್ದು 1970ರ ದಶಕದ ಕೊನೆಯಲ್ಲಿ. ಅಮೆರಿಕದ ಕಾರ್ನಿಂಗ್ ಎಂಬ ಗಾಜು ಮತ್ತು ಪಿಂಗಾಣಿ ತಯಾರಿಕೆಯ ಕಂಪೆನಿ ಪೆಟ್ರೋಲ್ ಕಾರುಗಳಿಗಾಗಿ ಜೇನುಗೂಡಿನಂತೆ ಸಾವಿರಾರು ಸಣ್ಣ ನಾಳಗಳುಳ್ಳ ಪಿಂಗಾಣಿ ಇಟ್ಟಿಗೆಯನ್ನು ಆಗಲೇ ಮಾಡುತ್ತಿತ್ತು. ಅದನ್ನೇ ಸ್ವಲ್ಪ ಬದಲಿಸಿದರು. ಒಂದು ನಾಳದ ಮುಂಬಾಗಿಲು ತೆರೆದು ಹಿಂಬಾಗಿಲು ಮುಚ್ಚಿದರು. ಪಕ್ಕದ ನಾಳದ್ದು ತಿರುಗುಮುರುಗು. ಒಳಹೊಕ್ಕ ಹೊಗೆಗೆ ನೇರ ದಾರಿ ಇಲ್ಲ. ನಡುವಿನ ತೆಳುಗೋಡೆಯ ರಂಧ್ರಗಳ ಮೂಲಕ ಪಕ್ಕದ ನಾಳಕ್ಕೆ ನುಸುಳಿಯೇ ಅದು ಹೊರಬೀಳಬೇಕು. ಅನಿಲ ನುಸುಳುತ್ತದೆ, ಮಸಿ ಗೋಡೆಯಲ್ಲಿ ಉಳಿಯುತ್ತದೆ.

ಸ್ವಾರಸ್ಯವೆಂದರೆ, ಗೋಡೆಯ ರಂಧ್ರಗಳು ಮಸಿಯ ಕಣಗಳಿಗಿಂತ ಎಷ್ಟೋ ದೊಡ್ಡವು. ಆದರೂ ಕಣಗಳು ಗೋಡೆಗೆ ತಾಗಿ ಅಂಟಿಕೊಳ್ಳುತ್ತವೆ. ಅಂಟಿದ ಮಸಿಯ ತೆಳುಪದರ ಹಿಂದಿನಿಂದ ಬರುವ ಮಸಿಯನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಅಂದರೆ ಮಸಿಯೇ ಮಸಿಯನ್ನು ಸೋಸುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಶೋಧಕ ನೂರಕ್ಕೆ 90 ಪಾಲಿಗಿಂತ ಹೆಚ್ಚು ಕಣಗಳನ್ನು ಹಿಡಿದಿಡುತ್ತದೆ.

ಹಿಡಿಯುವುದೇನೋ ಸುಲಭವಾಯಿತು. ಹಿಡಿದದ್ದನ್ನು ಏನು ಮಾಡುವುದು? ಪದರ ದಪ್ಪವಾದಂತೆ ಹೊಗೆಗೆ ದಾರಿ ಕಟ್ಟುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಎಂಜಿನಿಯರುಗಳನ್ನು ಎರಡು ದಶಕ ಕಾಡಿದ್ದು ಈ ಪ್ರಶ್ನೆಯೇ. ಮರ್ಸಿಡಿಸ್ ಕಂಪೆನಿ 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ ಕಾರುಗಳಿಗೆ ಶೋಧಕ ಅಳವಡಿಸಿತು. ಅವು ಬಾಳಿಕೆ ಬಾರದೆ, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಮಸಿ ತಾನಾಗಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಊರೊಳಗೆ ಓಡಾಡುವ ಡೀಸೆಲ್ ವಾಹನದ ಹೊಗೆಯ ಕಾವು ಸಾಮಾನ್ಯವಾಗಿ 150ರಿಂದ 250 ಡಿಗ್ರಿ. ಕಲಬುರಗಿಯ ಮೇ ತಿಂಗಳ 43 ಡಿಗ್ರಿ ಬಿಸಿಲು ಮನುಷ್ಯನನ್ನು ಬಾಡಿಸುತ್ತದೆಯೇ ಹೊರತು ಈ ಲೆಕ್ಕದಲ್ಲಿ ಏನೂ ಅಲ್ಲ.

ಮೊದಲ ಪರಿಹಾರ ರಸಾಯನಶಾಸ್ತ್ರದಿಂದ ಬಂತು. ಹೊಗೆಯಲ್ಲೇ ಇರುವ ನೈಟ್ರಿಕ್ ಆಕ್ಸೈಡನ್ನು ಪ್ಲಾಟಿನಂ ಲೇಪದ ಮೇಲೆ ಹಾಯಿಸಿದರೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಈ ಅನಿಲ 250ರಿಂದ 400 ಡಿಗ್ರಿಯಲ್ಲೇ ಮಸಿಯನ್ನು ಮೆಲ್ಲಗೆ ಸುಡಬಲ್ಲದು. ಬ್ರಿಟನ್ನಿನ ಜಾನ್ಸನ್ ಮ್ಯಾಥಿ ಕಂಪೆನಿ ಈ ತತ್ವದ ಮೇಲೆ ರೂಪಿಸಿದ ಶೋಧಕಗಳು 1990ರ ದಶಕದಲ್ಲಿ ಸ್ವೀಡನ್ನಿನ ನಗರ ಬಸ್ಸುಗಳಲ್ಲಿ ಕೆಲಸ ಮಾಡಿದವು. ಸ್ವೀಡನ್ನೇ ಏಕೆ? ಅಲ್ಲಿ 1991ರಿಂದಲೇ ಗಂಧಕ ಅತಿ ಕಡಿಮೆ ಇರುವ ಡೀಸೆಲ್ಲಿಗೆ ತೆರಿಗೆಯ ರಿಯಾಯಿತಿ ಇತ್ತು. ಗಂಧಕ ಪ್ಲಾಟಿನಂ ಲೇಪಕ್ಕೆ ವಿಷ. ಎರಡನೆಯ ಪರಿಹಾರವನ್ನು ಫ್ರಾನ್ಸಿನ ಪ್ಯೂಜೊ ಕಂಪೆನಿ 2000ದಲ್ಲಿ ತನ್ನ 607 ಎಂಬ ಕಾರಿನಲ್ಲಿ ತೋರಿಸಿತು. ಶೋಧಕ ತುಂಬಿದೆಯೆಂದು ಕಂಡಾಗ ಕಾರಿನ ಕಂಪ್ಯೂಟರೇ ಎಂಜಿನ್ನಿಗೆ ಸ್ವಲ್ಪ ಹೆಚ್ಚು ಎಣ್ಣೆ ಚಿಮ್ಮಿಸಿ ಕಾವನ್ನು ಏರಿಸಿ ಮಸಿಯನ್ನು ಸುಡುವ ಉಪಾಯ ಅದು.

ಗಂಧಕದ ಮೆಟ್ಟಿಲುಗಳು

ಭಾರತಕ್ಕೆ ಈ ಶೋಧಕ ತಡವಾಗಿ ಬಂದದ್ದಕ್ಕೆ ಮುಖ್ಯ ಕಾರಣ ಎಣ್ಣೆ. 1990ರ ದಶಕದ ಆರಂಭದಲ್ಲಿ ಇಲ್ಲಿನ ಡೀಸೆಲ್ಲಿನಲ್ಲಿ ದಶಲಕ್ಷಕ್ಕೆ 10,000 ಪಾಲಿನವರೆಗೆ ಗಂಧಕಕ್ಕೆ ಅವಕಾಶವಿತ್ತು. ಭಾರತ್ ಸ್ಟೇಜ್ 3ರಲ್ಲಿ ಅದು 350ಕ್ಕೆ, 4ರಲ್ಲಿ 50ಕ್ಕೆ, 6ರಲ್ಲಿ 10ಕ್ಕೆ ಇಳಿಯಿತು. ಪ್ರತಿ ಮೆಟ್ಟಿಲಿಗೂ ತೈಲ ಸಂಸ್ಕರಣಾಗಾರಗಳು ಕೋಟಿ ಕೋಟಿ ರೂಪಾಯಿ ಸುರಿಯಬೇಕಾಯಿತು.

ಮೆಟ್ಟಿಲುಗಳು ಎಲ್ಲ ಊರುಗಳಿಗೂ ಒಟ್ಟಿಗೆ ದಕ್ಕಲಿಲ್ಲ. 2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 4 ದೆಹಲಿ ಪ್ರದೇಶ ಮತ್ತು 13 ನಗರಗಳಿಗೆ ಜಾರಿಯಾದಾಗ ಆ ಪಟ್ಟಿಯಲ್ಲಿ ಹೈದರಾಬಾದ್ ಇತ್ತು, ಸೊಲ್ಲಾಪುರವೂ ಇತ್ತು. ಅವೆರಡರ ನಡುವಿನ ರೈಲುದಾರಿಯ ಮೇಲಿರುವ ಕಲಬುರಗಿ ಇರಲಿಲ್ಲ. ಒಂದೇ ದಖ್ಖನ್ ಪ್ರಸ್ಥಭೂಮಿ, ಒಂದೇ ಬಗೆಯ ಲಾರಿಗಳು. ಆದರೆ ಊರು ಯಾವುದೆಂಬುದರ ಮೇಲೆ ಅಲ್ಲಿನ ಜನ ಎಂಥ ಹೊಗೆ ಕುಡಿಯಬೇಕೆಂಬುದು ನಿರ್ಧಾರವಾಯಿತು. ಇಡೀ ದೇಶಕ್ಕೆ ಒಂದೇ ನಿಯಮ ಬಂದದ್ದು 2017ರಲ್ಲಿ.

ಮುಂದಿನದು ಒಂದು ಜಿಗಿತ. 5ನೇ ಹಂತವನ್ನು ಬಿಟ್ಟು ನೇರವಾಗಿ 6ಕ್ಕೆ ಹೋಗುವ ನಿರ್ಧಾರವನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿತು. ಹಳೆಯ ದಾಸ್ತಾನು ಮಾರಲು ಕಾಲಾವಕಾಶ ಬೇಕೆಂಬ ವಾಹನ ತಯಾರಕರ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 24ರ ತೀರ್ಪಿನಲ್ಲಿ ಒಪ್ಪಲಿಲ್ಲ; 2020ರ ಏಪ್ರಿಲ್ 1ರಿಂದ ಹಳೆಯ ಮಟ್ಟದ ವಾಹನಗಳ ಮಾರಾಟವಿಲ್ಲವೆಂದಿತು. ಡೀಸೆಲ್ ಕಾರಿನ ಹೊಗೆಯಲ್ಲಿ ಪ್ರತಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದ ಕಣಗಳ ಮಿತಿ ಒಮ್ಮೆಗೆ 4.5 ಮಿಲಿಗ್ರಾಂಗೆ ಇಳಿಯಿತು. ತೂಕದ ಜೊತೆಗೆ ಕಣಗಳ ಸಂಖ್ಯೆಗೂ ಮಿತಿ ಬಂತು. ಶೋಧಕವಿಲ್ಲದೆ ಇದನ್ನು ಮುಟ್ಟುವುದು ಆಗದ ಮಾತು. ಇದರ ಖರ್ಚು ಸಣ್ಣ ಕಾರಿಗೆ ಭಾರವಾಗುತ್ತದೆಂದು ಮಾರುತಿ ಸುಜುಕಿಯಂಥ ದೊಡ್ಡ ಕಂಪೆನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

ನಗರದ ಗಿರಕಿ, ಕಮಲಾಪುರದ ದಾರಿ

ಹೀಗೆ ಬಂದ ಶೋಧಕ ಚಾಲಕನ ಕಣ್ಣಿಗೆ ಬೀಳುವುದು ಒಂದು ಹಳದಿ ದೀಪವಾಗಿ. ಆ ದೀಪ ಎಲ್ಲರಿಗೂ ಒಂದೇ ರೀತಿ ಹೊತ್ತುವುದಿಲ್ಲ. ಕಾರಣ ಓಡಾಟದ ಬಗೆಯಲ್ಲಿದೆ.

ಬೆಳಿಗ್ಗೆ ಮನೆಯಿಂದ ಶಾಲೆಗೆ, ಅಲ್ಲಿಂದ ಜಗತ್ ವೃತ್ತ, ಸೂಪರ್ ಮಾರ್ಕೆಟ್, ಮಧ್ಯಾಹ್ನ ಗಂಜ್, ಸಂಜೆ ಮತ್ತೆ ಮನೆ. ಕಲಬುರಗಿಯ ಒಳಗೇ ಮೂರು ನಾಲ್ಕು ಕಿಲೋಮೀಟರಿನ ಗಿರಕಿ ಹೊಡೆಯುವ ವಾಹನವನ್ನು ಊಹಿಸಿಕೊಳ್ಳಿ. ಎಂಜಿನ್ ಕಾಯುವಷ್ಟರಲ್ಲಿ ನಿಲ್ಲಿಸುವ ಹೊತ್ತು ಬರುತ್ತದೆ. ಹೊಗೆಯ ಕಾವು ನೈಟ್ರೋಜನ್ ಡೈಆಕ್ಸೈಡಿನ ಮೆಲ್ಲನೆಯ ಸುಡುವಿಕೆಗೂ ಸಾಲದು. ಮಸಿ ಒಟ್ಟುತ್ತ ಹೋಗುತ್ತದೆ. ಶೋಧಕದ ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸವನ್ನು ಅಳೆದು, ಓಡಿದ ಬಗೆಯನ್ನು ಲೆಕ್ಕಹಾಕಿ, ಕಂಪ್ಯೂಟರ್ ಮಸಿ ಎಷ್ಟು ತುಂಬಿದೆಯೆಂದು ಅಂದಾಜು ಮಾಡುತ್ತದೆ. ಹೊತ್ತು ಬಂತೆನಿಸಿದಾಗ ತಾನೇ ಸುಡಲು ಆರಂಭಿಸುತ್ತದೆ. ಎಂಜಿನ್ನಿನೊಳಗಿನ ಉರಿ ಮುಗಿಯುತ್ತಿರುವಾಗ ಇನ್ನಷ್ಟು ಎಣ್ಣೆ ಚಿಮ್ಮಿಸುತ್ತದೆ. ಅದು ಸಿಲಿಂಡರಿನಲ್ಲಿ ಉರಿಯದೆ, ಶೋಧಕದ ಮುಂದಿರುವ ವೇಗವರ್ಧಕದ ಮೇಲೆ ಉರಿದು ಕಾವನ್ನು 600 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತದೆ. ಹಂಚು ನಗುವುದು ಆಗ.

ಈ ಕೆಲಸಕ್ಕೆ ಸಾಮಾನ್ಯವಾಗಿ 10ರಿಂದ 25 ನಿಮಿಷ ಬೇಕು. ನಡುವೆ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರೆ ಕೆಲಸ ಅರ್ಧಕ್ಕೆ ನಿಂತಿತು. ಅದು ನಡೆಯುತ್ತಿದೆಯೆಂದು ತಿಳಿಯಲು ಕೆಲವು ಗುರುತುಗಳಿವೆ. ನಿಂತಲ್ಲಿ ಎಂಜಿನ್ನಿನ ಸುತ್ತು ಮಾಮೂಲಿಗಿಂತ ಹೆಚ್ಚಿರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತದೆ. ಕಾದ ಲೋಹದ ವಾಸನೆ ಬರುತ್ತದೆ. ಲೀಟರಿಗೆ ಸಿಗುವ ಓಟ ಆ ಹೊತ್ತಿಗೆ ಇಳಿಯುತ್ತದೆ. ಇವನ್ನು ಕೆಟ್ಟ ಲಕ್ಷಣವೆಂದು ತಿಳಿದು ತಟ್ಟನೆ ಎಂಜಿನ್ ಆರಿಸುವವರೇ ಹೆಚ್ಚು.

ಅದೇ ವಾಹನ ಒಂದು ದಿನ ಹುಮನಾಬಾದ್ ರಸ್ತೆ ಹಿಡಿಯಿತೆನ್ನಿ. ಕಪನೂರಿನ ಕೈಗಾರಿಕಾ ಪ್ರದೇಶ ದಾಟುವವರೆಗೆ ಲಾರಿಗಳ ನಡುವೆ ತೆವಳಿದರೂ ಮುಂದೆ ರಾಷ್ಟ್ರೀಯ ಹೆದ್ದಾರಿ 50 ಬಿಚ್ಚಿಕೊಳ್ಳುತ್ತದೆ. ಮಹಾಗಾಂವ್ ದಾಟಿ ಕಮಲಾಪುರ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆಯ ಆಸುಪಾಸು ಕಳೆದಿರುತ್ತದೆ. ಗಂಟೆಗೆ 60 ಕಿಲೋಮೀಟರ್ ಮೇಲಿನ ಒಂದೇ ಸಮನೆಯ ಓಟ, ಹದವಾದ ಎಂಜಿನ್ ಸುತ್ತು, ನಡುವೆ ಆರದ ಕಾವು. ಶೋಧಕಕ್ಕೆ ಬೇಕಾದದ್ದು ಇಷ್ಟೇ. ಹಳದಿ ದೀಪ ಹೊತ್ತಿದ ಆರಂಭದಲ್ಲೇ ಇಂಥ ಒಂದು ಓಟ ಸಿಕ್ಕರೆ ಬಹಳ ಸಲ ದೀಪ ತಾನಾಗಿ ಆರುತ್ತದೆ. ದಿನವೂ ಕಲಬುರಗಿ-ಹುಮನಾಬಾದ್-ಬೀದರ್ ಓಡುವ ವಾಹನಕ್ಕೆ ಆ ದೀಪದ ಪರಿಚಯವೇ ಆಗದಿರಬಹುದು. ಬಿಡುವಿಲ್ಲದೆ ದುಡಿಯುವ ಗಾಡಿ ಶುಚಿಯಾಗಿರುತ್ತದೆ, ಮೂರು ಮೈಲಿ ಓಡಿ ನಿಲ್ಲುವ ಗಾಡಿ ಕಟ್ಟಿಕೊಳ್ಳುತ್ತದೆ. ಹಳೆಯ ಎಂಜಿನ್ನಿನ ಬಗ್ಗೆ ಇದ್ದ ತಿಳಿವಳಿಕೆಗೆ ಇದು ತೀರ ವಿರುದ್ಧ.

ದೀಪವನ್ನು ಕಂಡೂ ಕಾಣದಂತೆ ಇದ್ದರೆ ಮುಂದಿನ ಹಂತಗಳು ದುಬಾರಿಯಾದವು. ಮೊದಲು ಎಂಜಿನ್ನಿನ ಶಕ್ತಿ ತಾನಾಗಿ ಕುಗ್ಗುತ್ತದೆ. ಇದು ಕಂಪ್ಯೂಟರ್ ವಿಧಿಸುವ ಕಟ್ಟು. ಆಗ ವರ್ಕ್‌ಶಾಪಿನಲ್ಲಿ ಯಂತ್ರ ಜೋಡಿಸಿ ನಿಂತಲ್ಲೇ ಸುಡಿಸಬೇಕು. ಹಲವು ಲಾರಿ, ಬಸ್ಸುಗಳಲ್ಲಿ ಇದಕ್ಕೆಂದೇ ಒಂದು ಗುಂಡಿಯೂ ಇರುತ್ತದೆ. ಇನ್ನೂ ತಡವಾದರೆ ಮಿತಿಮೀರಿ ತುಂಬಿದ ಮಸಿ ಒಮ್ಮೆಲೇ ಹೊತ್ತಿ, ಪಿಂಗಾಣಿ ಬಿರುಕು ಬಿಡುವ ಅಪಾಯವಿದೆ. ಅರ್ಧಕ್ಕೆ ನಿಂತ ಸುಡುವಿಕೆಗಳಿಂದ ಇನ್ನೊಂದು ಕೇಡೂ ಉಂಟು. ಹೆಚ್ಚಿಗೆ ಚಿಮ್ಮಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಇಳಿಯುವ ಬದಲು ಏರಿದ್ದು ಕಂಡರೆ ಸಂತೋಷಪಡಬಾರದು. ತೆಳುವಾದ ಆಯಿಲ್ ಎಂಜಿನ್ನನ್ನು ಸವೆಸುತ್ತದೆ.

ಸುಡದೆ ಉಳಿಯುವುದೂ ಒಂದಿದೆ. ಒಲೆಯಲ್ಲಿ ಕಟ್ಟಿಗೆ ಉರಿದ ಮೇಲೆ ಬೂದಿ ಉಳಿಯುವಂತೆ, ಎಂಜಿನ್ ಆಯಿಲ್‌ನಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಸತು, ರಂಜಕಗಳ ಬೂದಿ ಶೋಧಕದ ತುದಿಯಲ್ಲಿ ಕೂರುತ್ತದೆ. ಎಷ್ಟು ದೂರ ಓಡಿಸಿದರೂ ಅದು ಹೋಗದು. ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೆ ಶೋಧಕವನ್ನು ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ಗಾಳಿಯೂದಿ ಬೂದಿ ತೆಗೆಯಬೇಕು. ಬೂದಿ ಕಡಿಮೆ ಬಿಡುವ ಆಯಿಲನ್ನೇ ಬಳಸಬೇಕೆಂದು ತಯಾರಕರು ಹೇಳುವುದು ಇದಕ್ಕಾಗಿ. ಇನ್ನು ಶೋಧಕ ಪದೇ ಪದೇ ಕಟ್ಟುತ್ತಿದ್ದರೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರೋ ಟರ್ಬೊವೋ ಕೆಟ್ಟಿರಬಹುದು. ಅದನ್ನು ಸರಿಪಡಿಸದೆ ಶೋಧಕವನ್ನಷ್ಟೇ ತೊಳೆಯುವುದು, ಸೋರುವ ಮಾಳಿಗೆಯ ಕೆಳಗೆ ನೆಲ ಒರೆಸಿದಂತೆ.

ಈ ಸೀಮೆಯಲ್ಲಿ ಎಚ್ಚರವಹಿಸಬೇಕಾದ ಮಾತು ಇನ್ನೊಂದಿದೆ. ಸುಗ್ಗಿಯ ಕಾಲದಲ್ಲಿ ತೊಗರಿ, ಜೋಳದ ಫಸಲನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ಒಕ್ಕಿಸುವ ರೂಢಿ ಉಂಟು. ಮಸಿ ಸುಡುತ್ತಿರುವ ವಾಹನದ ಹೊಗೆಕೊಳವೆ ಕೆಂಡದಂತೆ ಕಾದಿರುತ್ತದೆ. ಒಣಹುಲ್ಲು, ಕಣಿಕೆ, ತೊಗರಿ ಕಟ್ಟಿಗೆಯ ಮೇಲೆ ಅಂಥ ವಾಹನವನ್ನು ನಿಲ್ಲಿಸುವುದು ಬೆಂಕಿಯನ್ನು ಕರೆದಂತೆ.

ಕತ್ತರಿಸಿ ಎಸೆಯುವ ಮುನ್ನ

ದೀಪದ ಕಾಟ, ವರ್ಕ್‌ಶಾಪಿನ ಖರ್ಚು, ಹೊಸ ಶೋಧಕದ ದುಬಾರಿ ಬೆಲೆ. ಇವುಗಳಿಂದ ಬೇಸತ್ತವರಿಗೆ ಒಂದು ಅಡ್ಡದಾರಿಯೂ ಸಿಗುತ್ತದೆ. ಶೋಧಕದ ಡಬ್ಬಿ ಕೊಯ್ದು ಒಳಗಿನ ಪಿಂಗಾಣಿಯನ್ನು ಒಡೆದು ತೆಗೆದು, ಕಂಪ್ಯೂಟರಿಗೆ ಸುಳ್ಳು ಹೇಳಿಕೊಟ್ಟು ದೀಪ ಆರಿಸುವುದು. ಜಗತ್ತಿನ ಎಲ್ಲ ಕಡೆ ಇದು ನಡೆದಿದೆ. ವಾಹನದ ಮೂಲ ರಚನೆಯನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ವಾಯುಮಾಲಿನ್ಯದ ಮಟ್ಟ ಮೀರಿ ವಾಹನ ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಇದೆ.

ದಂಡದ ಭಯಕ್ಕಿಂತ ಮುಖ್ಯವಾದದ್ದು ಲೆಕ್ಕ. ಶೋಧಕ ತೆಗೆದ ಮಾಲೀಕನಿಗೆ ಉಳಿತಾಯವಾಗುವುದು ನಿಜ. ಆದರೆ ಖರ್ಚು ಮಾಯವಾಗುವುದಿಲ್ಲ, ಬೇರೆಯವರ ತಲೆಗೆ ದಾಟುತ್ತದೆ. ಬಸ್ ನಿಲ್ದಾಣದ ಮುಂದೆ ದಿನವಿಡೀ ಹಣ್ಣು ಮಾರುವ ಹೆಂಗಸು, ಸಿಗ್ನಲಿನಲ್ಲಿ ನಿಂತ ಪೊಲೀಸ್ ಪೇದೆ, ಆಟೊ ಚಾಲಕ, ಶಾಲೆಗೆ ನಡೆದು ಹೋಗುವ ಮಕ್ಕಳು. ಡೀಸೆಲ್ ಕಾರು ಕಾಣದವರೇ ಅದರ ಬಿಲ್ಲನ್ನು ತಮ್ಮ ಶ್ವಾಸಕೋಶದಲ್ಲಿ ಕಟ್ಟುತ್ತಾರೆ.

ಶೋಧಕ ಪರಿಪೂರ್ಣವೆಂದು ಹೇಳುವಂತಿಲ್ಲ. ಮಸಿ ಸುಡುವ ಹೊತ್ತಿನಲ್ಲಿ ಎಣ್ಣೆ ಹೆಚ್ಚು ಖರ್ಚಾಗುತ್ತದೆ, ಸೂಕ್ಷ್ಮ ಕಣಗಳು ಕೆಲಹೊತ್ತು ಹೆಚ್ಚು ಹೊರಬೀಳುತ್ತವೆ. ಸುಟ್ಟ ಇಂಗಾಲ ಅನಿಲವಾಗಿ ವಾತಾವರಣಕ್ಕೇ ಸೇರುತ್ತದೆ. ಊರೊಳಗಿನ ಸಣ್ಣ ಓಡಾಟವೇ ಬದುಕಾಗಿರುವವರಿಗೆ ಡೀಸೆಲ್ ವಾಹನ ತಕ್ಕುದಲ್ಲವೆಂಬುದನ್ನೂ ಈ ಶೋಧಕವೇ ಕಲಿಸಿದೆ. 2020ಕ್ಕೆ ಮೊದಲಿನ ಹಳೆಯ ವಾಹನಗಳು ಶೋಧಕವಿಲ್ಲದೆ ಇನ್ನೂ ಓಡುತ್ತಿವೆ. ಅವು ರಸ್ತೆಯಿಂದ ಇಳಿಯಲು ವರ್ಷಗಳು ಬೇಕು.

ಆದರೂ ಸೊಲ್ಲಾಪುರಕ್ಕೆ ಒಂದು ಗಾಳಿ, ಕಲಬುರಗಿಗೆ ಇನ್ನೊಂದು ಎಂಬ ಭೇದ ಅಳಿದು, ಕಮಲಾಪುರದ ಪೆಟ್ರೋಲ್ ಬಂಕಿನಲ್ಲೂ ರಾಜಧಾನಿಯಷ್ಟೇ ಶುದ್ಧವಾದ ಡೀಸೆಲ್ ಸಿಗುವ ಕಾಲ ಬಂದಿದೆ. ಪ್ರಯೋಗಾಲಯ, ಸಂಸ್ಕರಣಾಗಾರ, ನ್ಯಾಯಾಲಯಗಳು ನಾಲ್ಕು ದಶಕ ಕೂಡಿ ಮಾಡಿದ ಕೆಲಸ ಅದು. ಲಾರಿಯ ಪಕ್ಕದ ಸೀಟಿನಲ್ಲಿ ಕೂರುವ ಹುಡುಗನಿಗೆ ನಮ್ಮ ಜನ ಕ್ಲೀನರ್ ಎಂದು ಹೆಸರಿಟ್ಟಿದ್ದಾರೆ. ಗಾಡಿಯ ಹೊರಗಿನ ದೂಳನ್ನು ಅವನು ಒರೆಸಬಲ್ಲ. ಹೊಗೆಕೊಳವೆಯೊಳಗಿನ ಮಸಿಗೆ ಬಟ್ಟೆ, ಬಕೆಟ್ಟು ಬೇಡ. ಉರಿ ಹತ್ತಿದ ಮೇಲೆ ಇಪ್ಪತ್ತು ನಿಮಿಷ ಅದನ್ನು ಆರಿಸದೆ ಓಡಿಸುವ ತಾಳ್ಮೆ ಇದ್ದರೆ ಸಾಕು.